ಹಳೇ ಟಿಲ್ಲರ್ ಕೆಟ್ಟಿತು, ಹೊಸದು ಯಾವುದು?

ಮುಂಗಾರು ಮಳೆ ಬಂದಿದೆ. ನೆಲ ಹದವಾಗಿದೆ. ಸಾಲಿನ ನಡುವೆ ಕಳೆ ಎದ್ದಿದೆ. ಇಂಥ ಹೊತ್ತಿಗೇ ಟಿಲ್ಲರ್ ಕೆಟ್ಟು ನಿಲ್ಲುತ್ತದೆ. ಹಗ್ಗ ಎಷ್ಟು ಎಳೆದರೂ ಶುರುವಾಗುವುದಿಲ್ಲ.

ಆಗ ಕಷ್ಟ ಯಾರಿಗೆ? ಹೆಂಗಸರಿಗೆ. ಇಡೀ ದಿನ ಬಗ್ಗಿ ಕೈಯಲ್ಲೇ ಕಳೆ ಕೀಳಬೇಕು. ಸೊಂಟ ಹಿಡಿದುಕೊಳ್ಳುತ್ತದೆ. ಕೂಲಿಗೆ ಜನ ಸಿಗುವುದಿಲ್ಲ. ಒಂದು ವಾರ ತಡವಾದರೆ ಕಳೆಯೇ ಬೆಳೆಯನ್ನು ನುಂಗುತ್ತದೆ.

ಈ ಅವಸರದಲ್ಲಿ ಪೇಟೆಗೆ ಹೋಗುತ್ತೇವೆ. ಅಂಗಡಿಯವರು ತೋರಿಸಿದ್ದನ್ನು ತರುತ್ತೇವೆ. ಸಾಲ ಮಾಡಿ ತಂದ ಯಂತ್ರ ನಮ್ಮ ಸಾಲಿನೊಳಗೆ ಹೋಗುವುದೇ ಇಲ್ಲ. ಇಲ್ಲವೇ ಅದನ್ನು ಹಿಡಿಯಲು ನಮ್ಮ ಕೈಲಿ ಆಗುವುದಿಲ್ಲ. ಯಂತ್ರ ಮೂಲೆ ಸೇರುತ್ತದೆ. ಸಾಲದ ಕಂತು ಮಾತ್ರ ತಪ್ಪುವುದಿಲ್ಲ.

ಹಾಗಾಗಬಾರದು. ಹೊಸ ಟಿಲ್ಲರ್ ಆರಿಸುವುದು ಹೇಗೆ? ಬನ್ನಿ, ತಿಳಿಯೋಣ.

ಮೊದಲು ಹಳೆಯದನ್ನು ನೋಡಿ

ಕೆಟ್ಟ ಯಂತ್ರವೆಲ್ಲ ಗುಜರಿಗೆ ಹೋಗಬೇಕಿಲ್ಲ. ಕೆಲವು ಸಲ ಸಣ್ಣ ವಿಷಯಕ್ಕೇ ಎಂಜಿನ್ ನಿಲ್ಲುತ್ತದೆ.

ಪ್ಲಗ್‌ಗೆ ಮಸಿ ಹಿಡಿದಿರಬಹುದು. ಗಾಳಿ ಸೋಸುವ ಫಿಲ್ಟರ್‌ನಲ್ಲಿ ಧೂಳು ತುಂಬಿರಬಹುದು. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿದ್ದ ಹಳೇ ಪೆಟ್ರೋಲ್ ಕಾರ್ಬೊರೇಟರ್‌ನಲ್ಲಿ ಅಂಟು ಕಟ್ಟಿರಬಹುದು. ಬ್ಲೇಡ್ ಸವೆದಿರಬಹುದು. ಇವೆಲ್ಲ ಕಡಿಮೆ ಖರ್ಚಿನ ರಿಪೇರಿ.

ದೊಡ್ಡ ಕಾಯಿಲೆ ಬೇರೆ ಇದೆ. ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತದೆಯೇ? ಆಗಾಗ ಆಯಿಲ್ ಕಡಿಮೆಯಾಗುತ್ತದೆಯೇ? ಹಾಗಾದರೆ ಎಂಜಿನ್ ಒಳಗೆ ಸವೆದಿರಬಹುದು. ಗೇರುಪೆಟ್ಟಿಗೆ ಒಡೆದಿದ್ದರೆ ಅದೂ ದೊಡ್ಡ ಖರ್ಚು.

ಮೆಕ್ಯಾನಿಕ್ ಹತ್ತಿರ ಖರ್ಚು ಎಷ್ಟು ಎಂದು ಕೇಳಿ. ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಖರ್ಚು ಹೊಸ ಯಂತ್ರದ ಬೆಲೆಯ ಅರ್ಧಕ್ಕೆ ಬಂದರೆ ಹೊಸದರ ಯೋಚನೆ ಮಾಡಿ. ಸ್ಪೇರ್ ಎಲ್ಲೂ ಸಿಗದಿದ್ದರೂ ಹೊಸದೇ ದಾರಿ.

ಹಳೆಯ ಯಂತ್ರವೇ ಗುರು

ಹಳೆಯ ಟಿಲ್ಲರ್ ನಿಮಗೆ ಬಹಳ ಕಲಿಸಿದೆ. ಅದರ ಮುಂದೆ ನಿಂತು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಇದು ಯಾವ ಕೆಲಸ ಚೆನ್ನಾಗಿ ಮಾಡಿತು? ಯಾವ ಕೆಲಸಕ್ಕೆ ಆಗಲಿಲ್ಲ? ಯಾವ ಭಾಗ ಪದೇ ಪದೇ ಕೆಟ್ಟಿತು? ಇದನ್ನು ಹಿಡಿದವರು ಯಾರು?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಗಂಡಸರು ಕೆಲಸಕ್ಕೆ ಪೇಟೆಗೆ ಹೋಗುವ ಮನೆಗಳಿವೆ. ಅಲ್ಲಿ ಯಂತ್ರ ಹಿಡಿಯುವವರು ಹೆಂಗಸರೇ. ಹಾಗಿದ್ದ ಮೇಲೆ ಆರಿಸುವಾಗಲೂ ಅವರೇ ಮುಂದೆ ನಿಲ್ಲಬೇಕು.

ಯಾವ ಕೆಲಸಕ್ಕೆ ಯಾವ ಯಂತ್ರ?

ಹಿಂದೆ ನಡೆದು ಹಿಡಿಯುವ ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಅಳತೆ ಇವೆ.

ಒಂದು, ತೀರಾ ಸಣ್ಣದು. ಸುಮಾರು 2 ಎಚ್‌ಪಿ. ತೂಕ 20 ಕಿಲೋ ಆಸುಪಾಸು. ಹಿತ್ತಲು, ಕೈತೋಟ, ಸಣ್ಣ ಮಡಿಗೆ ಸಾಕು. ಗಟ್ಟಿ ನೆಲದಲ್ಲಿ ಇದು ಮೇಲೆ ಮೇಲೆ ಕುಣಿಯುತ್ತದೆ.

ಎರಡು, ನಡುವಿನದು. 5ರಿಂದ 7 ಎಚ್‌ಪಿ. ಜನ ಇದನ್ನು ಪವರ್ ವೀಡರ್ ಅಥವಾ ಮಿನಿ ಟಿಲ್ಲರ್ ಎನ್ನುತ್ತಾರೆ. ಇದರ ತೂಕ ಸಾಮಾನ್ಯವಾಗಿ 60ರಿಂದ 100 ಕಿಲೋ. ಡೀಸೆಲ್ಲಿನದು ಇನ್ನೂ ಭಾರ. ತರಕಾರಿ, ಹಿಪ್ಪುನೇರಳೆ, ತೋಟದ ಕಳೆ ಕೆಲಸಕ್ಕೆ ಇದು ಒಗ್ಗುತ್ತದೆ.

ಮೂರು, ದೊಡ್ಡ ಪವರ್ ಟಿಲ್ಲರ್. 12 ಎಚ್‌ಪಿ, ಅದಕ್ಕೂ ಮೇಲೆ. ತೂಕ 400 ಕಿಲೋ ದಾಟುತ್ತದೆ. ಗದ್ದೆ ಉಳಲು, ಕೆಸರು ಮಾಡಲು, ಗಾಡಿ ಎಳೆಯಲು ಒಳ್ಳೆಯದು. ಬದುವಿನ ಕೊನೆಯಲ್ಲಿ ಇದನ್ನು ತಿರುಗಿಸಲು ಬಲ ಬೇಕು, ಅಭ್ಯಾಸವೂ ಬೇಕು.

ದೊಡ್ಡದೆಲ್ಲ ಒಳ್ಳೆಯದಲ್ಲ. ಅಡಿಕೆ, ತೆಂಗಿನ ಬೇರು ಮೇಲುಪದರದಲ್ಲೇ ಹರಡುತ್ತದೆ. ಮರದ ಬುಡದಲ್ಲಿ ಆಳವಾಗಿ ಉತ್ತರೆ ಬೇರು ಕತ್ತರಿಸುತ್ತದೆ. ಅಲ್ಲಿ ಮೇಲೆ ಮೇಲೆ ಕೆದಕಿದರೆ ಸಾಕು.

ಸಾಲು ಅಳೆಯಿರಿ

ಅಂಗಡಿಗೆ ಹೋಗುವ ಮುಂಚೆ ಹೊಲಕ್ಕೆ ಹೋಗಿ. ಟೇಪು ಇಲ್ಲದಿದ್ದರೆ ದಾರ ಸಾಕು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಎಷ್ಟು ದೂರ? ಅಳೆದು ದಾರಕ್ಕೆ ಗಂಟು ಹಾಕಿ. ಪುಸ್ತಕದಲ್ಲಿ ಬರೆದುಕೊಳ್ಳಿ.

ಟೊಮೆಟೊ ಸಾಲು 3 ಅಡಿ ಇದೆ ಎಂದುಕೊಳ್ಳಿ. ಗಿಡ ಎರಡೂ ಕಡೆ ಹರಡಿರುತ್ತದೆ. ಬ್ಲೇಡಿನ ಅಗಲ 2 ಅಡಿ ಮೀರಬಾರದು. ಕೆಲವು ಯಂತ್ರಗಳಲ್ಲಿ ಹೊರಗಿನ ಬ್ಲೇಡ್ ಬಿಚ್ಚಿ ಅಗಲ ಕಡಿಮೆ ಮಾಡಬಹುದು. ಅದನ್ನು ಕೇಳಿ ನೋಡಿ.

ರಾಗಿ ಸಾಲಿನ ನಡುವೆ 1 ಅಡಿ ಮಾತ್ರ ಇರುತ್ತದೆ. 2 ಅಡಿ ಅಗಲದ ಯಂತ್ರ ಅಲ್ಲಿ ಹೋದರೆ ರಾಗಿಯೂ ಹೋಗುತ್ತದೆ. ಅಲ್ಲಿಗೆ ಕೈಯಲ್ಲಿ ತಳ್ಳುವ ಸೈಕಲ್ ವೀಡರ್ ಅಥವಾ ಕುಂಟೆಯೇ ಸರಿ.

ನೆಲವನ್ನೂ ನೋಡಿ. ಕೆಂಪು ಮಣ್ಣು ಬೇಗ ಪುಡಿಯಾಗುತ್ತದೆ. ಎರೆ ಮಣ್ಣು ಹಸಿಯಾಗಿದ್ದರೆ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಕಲ್ಲು ಹೆಚ್ಚಿದ್ದರೆ ಬ್ಲೇಡ್ ಬಾಗುತ್ತದೆ. ನಿಮ್ಮ ಮಣ್ಣಿನಲ್ಲಿ ಓಡಿಸಿ ತೋರಿಸಿ ಎಂದು ಕೇಳುವುದು ನಾಚಿಕೆಯ ಮಾತಲ್ಲ.

ನಿಮ್ಮ ಕೈಗೆ ಒಗ್ಗುತ್ತದೆಯೇ?

ಅಂಗಡಿಯಲ್ಲಿ ಹೀಗೆ ಮಾತು ನಡೆಯುತ್ತದೆ.

"ಅಕ್ಕಾ, ಇದು ತಗೊಳ್ಳಿ. ಜಾಸ್ತಿ ಎಚ್‌ಪಿ. ಆನೆ ಥರ ಇದೆ."

"ಆನೆ ಸರಿ ಅಣ್ಣ. ಮಾವುತ ಯಾರು? ಹಿಡಿಯೋಳು ನಾನು. ಒಂದ್ಸಲ ಓಡಿಸಿ ನೋಡ್ತೀನಿ."

ಹೀಗೇ ಕೇಳಬೇಕು. ಓಡಿಸುವಾಗ ಇವನ್ನು ಗಮನಿಸಿ.

ಹಗ್ಗ ಎಳೆದು ಶುರು ಮಾಡಲು ನಿಮ್ಮಿಂದ ಆಗುತ್ತದೆಯೇ? ಕೆಲವು ಯಂತ್ರಗಳಿಗೆ ಬ್ಯಾಟರಿ ಸ್ಟಾರ್ಟ್ ಇದೆ. ಬೆಲೆ ಹೆಚ್ಚು, ಭುಜಕ್ಕೆ ಸುಖ.

ಹ್ಯಾಂಡಲ್ ಎತ್ತರ ಬದಲಿಸಬಹುದೇ? ಹ್ಯಾಂಡಲ್ ಸೊಂಟದ ಮಟ್ಟಕ್ಕೆ ಬರಬೇಕು. ಬಗ್ಗಿ ಹಿಡಿದರೆ ಬೆನ್ನು ನೋಯುತ್ತದೆ. ಎತ್ತಿ ಹಿಡಿದರೆ ಭುಜ ನೋಯುತ್ತದೆ.

ಕ್ಲಚ್ ಒತ್ತಲು ಬೆರಳು ಮುಟ್ಟುತ್ತದೆಯೇ? ಕೈ ಬಿಟ್ಟ ಕೂಡಲೇ ಬ್ಲೇಡ್ ನಿಲ್ಲಬೇಕು. ನಿಲ್ಲದಿದ್ದರೆ ಆ ಯಂತ್ರ ಬೇಡ. ಇದು ಪ್ರಾಣದ ಪ್ರಶ್ನೆ.

ಹತ್ತು ನಿಮಿಷ ಓಡಿಸಿದ ಮೇಲೆ ಕೈ ಜುಮ್ ಎನ್ನುತ್ತದೆಯೇ? ಯಂತ್ರ ಹೆಚ್ಚು ನಡುಗಿದರೆ ದಿನವಿಡೀ ಹಿಡಿಯಲು ಆಗದು.

ಬದುವಿನ ಹತ್ತಿರ ತಿರುಗಿಸಿ ನೋಡಿ. ಹಿಂದಕ್ಕೆ ಹೋಗುವ ಗೇರು ಇದ್ದರೆ ಅನುಕೂಲ. ಹಿಂದಕ್ಕೆ ಬರುವಾಗ ಬ್ಲೇಡ್ ಮಾತ್ರ ತಿರುಗುತ್ತಿರಬಾರದು. ಕಾಲು ಸಿಕ್ಕೀತು.

ಎಂಜಿನ್ ಯಾವುದು?

ಟೂ ಸ್ಟ್ರೋಕ್ ಎಂಜಿನ್ ಹಗುರ. ಇದಕ್ಕೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಎಷ್ಟು ಎಂದು ಯಂತ್ರದ ಪುಸ್ತಕದಲ್ಲಿ ಇರುತ್ತದೆ. ಬರೀ ಪೆಟ್ರೋಲ್ ಹಾಕಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ.

ಫೋರ್ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ದಿನವೂ ಆಯಿಲ್ ಮಟ್ಟ ನೋಡಬೇಕು. ನಡುವಿನ ಅಳತೆಯ ಯಂತ್ರಗಳಲ್ಲಿ ಇದೇ ಹೆಚ್ಚು.

ಡೀಸೆಲ್ ಎಂಜಿನ್ ಎಣ್ಣೆ ಕಡಿಮೆ ಕುಡಿಯುತ್ತದೆ. ಹೆಚ್ಚು ಗಂಟೆ ಕೆಲಸ ಇರುವವರಿಗೆ ಸರಿ. ಭಾರ ಮತ್ತು ನಡುಕ ಹೆಚ್ಚು.

ಯಂತ್ರದ ಮೇಲೆ ಒಂದು ಫಲಕ ಇರುತ್ತದೆ. ಅದನ್ನು ಓದಿ. ಕೆಲವದರಲ್ಲಿ ಎಚ್‌ಪಿ ಬದಲು ಕಿಲೋವ್ಯಾಟ್ ಬರೆದಿರುತ್ತಾರೆ. 1 ಎಚ್‌ಪಿ ಅಂದರೆ ಸುಮಾರು ಮುಕ್ಕಾಲು ಕಿಲೋವ್ಯಾಟ್. 4 ಕಿಲೋವ್ಯಾಟ್ ಅಂದರೆ ಹತ್ತಿರ ಹತ್ತಿರ ಐದೂವರೆ ಎಚ್‌ಪಿ.

ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆಗಳಿವೆ. ಮಧ್ಯಪ್ರದೇಶದ ಬುದ್ನಿ, ಹರಿಯಾಣದ ಹಿಸಾರ್, ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಇವು ಇವೆ. "ಈ ಯಂತ್ರಕ್ಕೆ ಪರೀಕ್ಷಾ ವರದಿ ಇದೆಯೇ?" ಎಂದು ಅಂಗಡಿಯಲ್ಲಿ ಕೇಳಿ. ವರದಿ ಇಂಗ್ಲಿಷಿನಲ್ಲಿದ್ದರೆ ಓದುವ ಮಕ್ಕಳಿಂದ ಓದಿಸಿ.

ಸ್ಪೇರ್ ಎಲ್ಲಿ ಸಿಗುತ್ತದೆ?

ಅಗ್ಗದ ಯಂತ್ರ ಎಲ್ಲೋ ಸಿಗಬಹುದು. ಅದರ ಬೆಲ್ಟ್, ಬ್ಲೇಡ್, ಕೇಬಲ್ ನಿಮ್ಮ ತಾಲ್ಲೂಕಿನಲ್ಲಿ ಸಿಗುತ್ತದೆಯೇ? ರಿಪೇರಿ ಬಲ್ಲ ಮೆಕ್ಯಾನಿಕ್ ಎಷ್ಟು ದೂರ ಇದ್ದಾನೆ? ಸ್ಪೇರ್‌ಗಾಗಿ ಹದಿನೈದು ದಿನ ಕಾದರೆ ಹದ ಕಾಯುವುದಿಲ್ಲ.

ಮೆಕ್ಯಾನಿಕ್‌ನನ್ನೇ ಕೇಳಿ, "ನಿಮ್ಮ ಹತ್ತಿರ ಯಾವ ಯಂತ್ರ ಹೆಚ್ಚು ರಿಪೇರಿಗೆ ಬರುತ್ತೆ? ಯಾವುದರ ಸಾಮಾನು ಬೇಗ ಸಿಗುತ್ತೆ?" ಊರಲ್ಲಿ ಅದೇ ಯಂತ್ರ ಇಟ್ಟವರನ್ನೂ ವಿಚಾರಿಸಿ.

ಕೊಳ್ಳಬೇಕೇ? ಬಾಡಿಗೆ ಸಾಕೇ?

ಲೆಕ್ಕ ಹಾಕೋಣ. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರ ಹಾಕಿ ನೋಡಿ.

ಯಂತ್ರದ ಬೆಲೆ 60,000 ರೂಪಾಯಿ. 6 ವರ್ಷ ಬಾಳುತ್ತದೆ ಎಂದುಕೊಳ್ಳಿ. ವರ್ಷಕ್ಕೆ 10,000 ಆಯಿತು.

ಒಂದು ಮನೆಗೆ ವರ್ಷಕ್ಕೆ 30 ಗಂಟೆ ಕೆಲಸ. ಗಂಟೆಗೆ 1 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿ. ಪೆಟ್ರೋಲಿಗೆ 3,000. ಆಯಿಲ್, ಬ್ಲೇಡ್, ರಿಪೇರಿಗೆ 3,000. ಒಟ್ಟು 16,000.

ಪೆಟ್ರೋಲ್ ಸೇರಿ ಗಂಟೆಗೆ 400 ರೂಪಾಯಿ ಬಾಡಿಗೆ ಇದ್ದರೆ? 30 ಗಂಟೆಗೆ 12,000. ಒಂದೇ ಮನೆಗೆ ಬಾಡಿಗೆಯೇ ಲಾಭ.

ನಾಲ್ಕು ಮನೆಯವರು ಸೇರಿ ಕೊಂಡರೆ? 120 ಗಂಟೆ ಕೆಲಸ. ಯಂತ್ರಕ್ಕೆ 10,000, ಪೆಟ್ರೋಲಿಗೆ 12,000, ರಿಪೇರಿಗೆ 6,000. ಒಟ್ಟು 28,000. ಒಂದು ಮನೆಗೆ 7,000. ಬಾಡಿಗೆಗಿಂತ 5,000 ಉಳಿಯಿತು.

ಕೂಡಿ ಕೊಂಡರೆ ಸರದಿ ಯಾರದು, ಕೆಟ್ಟರೆ ಖರ್ಚು ಯಾರದು ಎಂದು ಮೊದಲೇ ಸಂಘದ ಪುಸ್ತಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಮಳೆ ಬಂದ ದಿನವೇ ಜಗಳ.

ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ರಾಜ್ಯ ಸರ್ಕಾರ ಇವನ್ನು 2014-15ರಲ್ಲಿ ಆರಂಭಿಸಿತು. ನಿಮ್ಮ ಹೋಬಳಿಯಲ್ಲಿ ಯಾವ ಯಂತ್ರ ಇದೆ, ದರ ಎಷ್ಟು ಎಂದು ವಿಚಾರಿಸಿ.

ಸಹಾಯಧನ ಸಿಗುತ್ತದೆಯೇ?

ಯಂತ್ರ ಕೊಳ್ಳಲು ಸರ್ಕಾರದ ಸಹಾಯಧನ ಇದೆ. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆ 2014-15ರಲ್ಲಿ ಶುರುವಾಯಿತು. ಅದರಲ್ಲಿ ರೈತ ಮಹಿಳೆಯರಿಗೂ ಸಣ್ಣ ರೈತರಿಗೂ ಹೆಚ್ಚಿನ ಪಾಲು ಇಟ್ಟಿದ್ದಾರೆ. ಈ ವರ್ಷ ಎಷ್ಟು, ಯಾವ ಯಂತ್ರಕ್ಕೆ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಅರ್ಜಿಗೆ ರೈತರ ಗುರುತಿನ ಸಂಖ್ಯೆ ಬೇಕು. ಅದನ್ನು ಎಫ್‌ಐಡಿ ಎನ್ನುತ್ತಾರೆ. ಅದು ಪಹಣಿಗೆ ಹೊಂದಿಕೊಂಡಿದೆ. ಹೊಲದಲ್ಲಿ ದುಡಿಯುವವರು ನೀವು. ಪಹಣಿಯಲ್ಲಿ ನಿಮ್ಮ ಹೆಸರು ಇದೆಯೇ? ಒಮ್ಮೆ ತೆಗೆಸಿ ನೋಡಿ. ಮನೆಯಲ್ಲಿ ಈ ಮಾತು ಎತ್ತಿ.

ಅನುಮತಿ ಬರುವ ಮುಂಚೆ ಯಂತ್ರ ಕೊಂಡರೆ ಸಹಾಯಧನ ತಪ್ಪಬಹುದು. ಕೇಳಿಯೇ ಮುಂದುವರಿಯಿರಿ. ಸಹಾಯಧನ ಇದೆ ಎಂದು ಬೇಡದ ಯಂತ್ರ ತರಬೇಡಿ. ಉಳಿದ ಹಣ ನಿಮ್ಮದೇ.

ಬಿಲ್ಲು ಓದಿ, ಆಮೇಲೆ ಸಹಿ ಮಾಡಿ

ನೀವೀಗ ಓದು ಬಲ್ಲಿರಿ. ಹೆಬ್ಬೆಟ್ಟು ಒತ್ತಿ ಬರುವ ಕಾಲ ಹೋಯಿತು. ಬಿಲ್ಲಿನಲ್ಲಿ ನಿಮ್ಮ ಹೆಸರು ಸರಿ ಇದೆಯೇ? ಕೊಟ್ಟ ಹಣ ಬರೆದಿದ್ದಾರೆಯೇ? ಎಂಜಿನ್ ಮೇಲಿನ ನಂಬರೂ ಬಿಲ್ಲಿನ ನಂಬರೂ ಒಂದೇ ಇದೆಯೇ? ವಾರಂಟಿ ಕಾರ್ಡಿಗೆ ಮುದ್ರೆ, ತಾರೀಖು ಹಾಕಿದ್ದಾರೆಯೇ?

ಬಿಲ್ಲು ಬೇಡ, ಕಡಿಮೆಗೆ ಕೊಡ್ತೀನಿ ಅಂದರೆ ಒಪ್ಪಬೇಡಿ. ಮೋಸವಾದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಕಾನೂನಿನ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಆಗ ಬಿಲ್ಲೇ ನಿಮ್ಮ ಸಾಕ್ಷಿ.

ಹಿಡಿಯುವ ಮುಂಚೆ

ಸೆರಗು ಬಿಗಿಯಾಗಿ ಸಿಕ್ಕಿಸಿ. ಮೇಲೊಂದು ಅಂಗಿ ತೊಡಿ. ಜಡೆ ಕಟ್ಟಿಕೊಳ್ಳಿ. ಬರಿಗಾಲು ಬೇಡ, ಬೂಟು ಹಾಕಿ. ಮಕ್ಕಳನ್ನು ದೂರ ಇಡಿ. ಬ್ಲೇಡಿಗೆ ಕಳೆ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಆಮೇಲೆ ಕೈ ಹಾಕಿ. ಎಂಜಿನ್ ತಣ್ಣಗಾದ ಮೇಲೆ ಪೆಟ್ರೋಲ್ ಹಾಕಿ.

ಯಂತ್ರ ನಮ್ಮ ಹೊಲಕ್ಕೆ ಹೊಂದಬೇಕು. ನಮ್ಮ ಕೈಗೆ ಒಗ್ಗಬೇಕು. ಕೆಟ್ಟರೆ ಹತ್ತಿರದಲ್ಲೇ ರಿಪೇರಿ ಆಗಬೇಕು. ಬೆಲೆಯ ಮಾತು ಆಮೇಲೆ.

ಗುಂಪಿನಲ್ಲಿ ಮಾತಾಡಿ

1. ನಿಮ್ಮ ಹೊಲದ ಸಾಲಿನ ಅಗಲ ಎಷ್ಟು?
2. ನಿಮ್ಮ ಊರಲ್ಲಿ ಟಿಲ್ಲರ್ ಬಾಡಿಗೆ ಗಂಟೆಗೆ ಎಷ್ಟು?
3. ಎಷ್ಟು ಮನೆಯವರು ಸೇರಿದರೆ ಕೊಳ್ಳುವುದು ಲಾಭ? ಲೆಕ್ಕ ಬರೆದು ನೋಡಿ.
4. ನಿಮ್ಮ ಗುಂಪಿನಲ್ಲಿ ಎಷ್ಟು ಜನರ ಹೆಸರು ಪಹಣಿಯಲ್ಲಿದೆ?