ಕಾರಿನಲ್ಲೊಂದು ಅರಿಸಮಾಸ

ಕೊಂಡ ಕಾರನ್ನು ಕಂಪನಿ ಕೊಟ್ಟಂತೆಯೇ ಓಡಿಸಿ ತೃಪ್ತರಾಗುವವರು ಬಹುಮಂದಿ. ಕೆಲವರಿಗೆ ಮಾತ್ರ ಅಷ್ಟು ಸಾಲದು. ಅವರು ಎಂಜಿನಿನ ಶಕ್ತಿಯನ್ನು ಹೆಚ್ಚಿಸಲು ಹವಣಿಸುತ್ತಾರೆ. ಅದೂ ಸಾಲದಾದಾಗ ಹಳೆಯ ಎಂಜಿನನ್ನು ಇಳಿಸಿ, ಬೇರೊಂದು ಕಾರಿನ ಎಂಜಿನನ್ನು ಆ ಜಾಗದಲ್ಲಿ ಕೂಡಿಸುತ್ತಾರೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಗೊಡವೆ ಏಕೆಂದು ಕೇಳಬಹುದು. ನನಗೆ ಇದರಲ್ಲಿ ಕಂಡದ್ದು ನಮ್ಮ ವ್ಯಾಕರಣದ ಒಂದು ಹಳೆಯ ಪ್ರಶ್ನೆಯೇ.

ಸಂಸ್ಕೃತ ಶಬ್ದಕ್ಕೆ ಕನ್ನಡ ಶಬ್ದವನ್ನು ಬೆಸೆದು ಮಾಡುವ ಸಮಾಸ ಅರಿಸಮಾಸ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಅದನ್ನು ದೋಷವೆನ್ನುತ್ತಾನೆ. ಆದರೆ ಹಿಂದಿನ ಕವಿಗಳ ಪ್ರಯೋಗದಲ್ಲಿ ರೂಢವಾದುದನ್ನೂ ಬಿರುದಾವಳಿಗಳಲ್ಲಿ ಬರುವುದನ್ನೂ ಒಪ್ಪಿಕೊಳ್ಳುತ್ತಾನೆ. ಎಂದರೆ, ಬೆಸುಗೆ ಎಲ್ಲ ಕಡೆಯೂ ತಪ್ಪಲ್ಲ; ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ವಿವೇಕ ಬೇಕು. ಎಂಜಿನು ಬದಲಿಸುವವನಿಗೂ ಬೇಕಾದುದು ಈ ವಿವೇಕವೇ.

ನಮ್ಮ ದೇಶದಲ್ಲಿ ಇಂಥ ಬೆಸುಗೆಗೆ ಕಾರ್ಖಾನೆಗಳೇ ಮೇಲ್ಪಂಕ್ತಿ ಹಾಕಿದವು. ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಹೊರತಂದ ಕಾಂಟೆಸಾ ಕಾರಿನ ಒಡಲು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ವಿನ್ಯಾಸ. ಎಂಜಿನು ಅಂಬಾಸಿಡರಿನದು, 1489 ಸಿ.ಸಿ., ಸುಮಾರು 50 ಅಶ್ವಶಕ್ತಿಯದು. ನೋಟಕ್ಕೆ ಗಂಭೀರ, ಓಟಕ್ಕೆ ಮಂದ. ಮುಂದೆ ಕಂಪನಿಯೇ ಅದೇ ಒಡಲಿಗೆ ಜಪಾನಿನ ಇಸುಜು ಸಂಸ್ಥೆಯ 1817 ಸಿ.ಸಿ. ಎಂಜಿನನ್ನು ಅಳವಡಿಸಿದಾಗ ಕಾರಿಗೆ ಜೀವ ಬಂದಿತು. ಪ್ರೀಮಿಯರ್ ಕಂಪನಿಯ 118 ಎನ್‌ಇ ಕೂಡ ಹೀಗೆಯೇ: ಇಟಲಿಯ ಫಿಯೆಟ್ ಒಡಲು, ಜಪಾನಿನ ನಿಸಾನ್ ಎಂಜಿನು. ಇವು ರೂಢಿ ಒಪ್ಪಿದ ಅರಿಸಮಾಸಗಳು.

ಇದಕ್ಕೂ ಮೊದಲೇ ಮದರಾಸಿನ ಬಳಿಯ ಶೋಲಾವರಂನಲ್ಲಿ, ಯುದ್ಧಕಾಲದ ವಿಮಾನಪಟ್ಟಿಯ ಮೇಲೆ, ಹವ್ಯಾಸಿಗಳು ಫಿಯೆಟ್, ಹೆರಾಲ್ಡ್ ಕಾರುಗಳನ್ನು ತಿದ್ದಿ ಪಂದ್ಯಕ್ಕೆ ಬಿಡುತ್ತಿದ್ದರು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಂಥ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಅದರ ಮುಂಭಾಗವಿಡೀ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿದ್ದುದರಿಂದ ಎಂಜಿನಿನ ಸುತ್ತ ಕೈಯಾಡಿಸಲು ತೆರಪಿತ್ತು. ಇಂಗ್ಲೆಂಡಿನ ಸ್ಪಿಟ್‌ಫೈರ್ ಎಂಬ ಕ್ರೀಡಾಕಾರಿನ ಎಂಜಿನೂ ಅದೇ ವಂಶದ್ದು.

ಎಂಜಿನನ್ನು ಬದಲಿಸದೆಯೇ ಅದರ ಬಲವನ್ನು ಹೆಚ್ಚಿಸುವ ಮಾರ್ಗಗಳಿವೆ. ಎಂಜಿನು ಹೆಚ್ಚು ಗಾಳಿಯನ್ನೂ ಇಂಧನವನ್ನೂ ಒಳಗೆಳೆದುಕೊಂಡು, ಸುಟ್ಟ ಹೊಗೆಯನ್ನು ಬೇಗ ಹೊರದೂಡುವಂತೆ ಮಾಡಿದರೆ ಬಲ ಹೆಚ್ಚುತ್ತದೆ. ಅದಕ್ಕಾಗಿ ಕಾರ್ಬ್ಯುರೇಟರನ್ನು ಹಿರಿದು ಮಾಡುತ್ತಾರೆ, ಕ್ಯಾಮ್‌ಶಾಫ್ಟನ್ನು ಬದಲಿಸುತ್ತಾರೆ, ಹೊಗೆಕೊಳವೆಯನ್ನು ಸರಾಗಗೊಳಿಸುತ್ತಾರೆ. ಸಿಲಿಂಡರಿನ ತಲೆಯನ್ನು ಹೆರೆದು ಒತ್ತಡವನ್ನು ಏರಿಸುವುದು ಇನ್ನೊಂದು ಉಪಾಯ. ಇದಕ್ಕೊಂದು ಮಿತಿಯುಂಟು. ಒತ್ತಡ ಅತಿಯಾದರೆ ಪೆಟ್ರೋಲು ಹದವಾಗಿ ಉರಿಯುವ ಬದಲು ಸಿಡಿಯುತ್ತದೆ. ಆ ಪೆಟ್ಟಿಗೆ ಪಿಸ್ಟನ್ ತೂತಾಗುವುದೂ ಉಂಟು.

ಎಂಜಿನನ್ನೇ ಬದಲಿಸುವುದು ಬೇರೆಯ ಮಾತು. ಇಲ್ಲಿ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ಜಾತ್ರೆಗೆ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳು ಮಾರಾಟಕ್ಕೆ ಬರುತ್ತವೆ. ಕೊಳ್ಳುವವನು ಕೆತ್ತನೆಗೆ ಮರುಳಾದರೆ ಸಾಲದು. ಮನೆಯ ಗೋಡೆಯ ಅಳತೆ ಅವನ ಜೇಬಿನಲ್ಲಿರಬೇಕು. ಎಂಜಿನಿನದೂ ಅದೇ ಕಥೆ. ಅದು ಕೂಡುವ ಆಧಾರಗಳು ಹೊಂದಬೇಕು; ಕ್ಲಚ್ಚು ಮತ್ತು ಗೇರುಪೆಟ್ಟಿಗೆ ಅದಕ್ಕೆ ಬೆಸೆಯಬೇಕು; ಹಿಂದಿನ ಗಾಲಿಗಳಿಗೆ ಬಲವನ್ನೊಯ್ಯುವ ದಂಡದ ಉದ್ದ ಸರಿಹೋಗಬೇಕು; ಹೆಚ್ಚಿದ ಶಾಖವನ್ನು ರೇಡಿಯೇಟರು ತಾಳಿಕೊಳ್ಳಬೇಕು. ಇಂದಿನ ಎಂಜಿನುಗಳಿಗಾದರೆ ಗಣಕಯಂತ್ರದ ಮಿದುಳೂ ತಂತಿಗಳ ಜಾಲವೂ ಬೇರೆ.

ಹಿತ್ತಿಲಿನ ಬೇವಿನ ಕೆಳಗೆ ಮುಕ್ಕಾಲಿಯ ಕಂಬಗಳನ್ನು ನಿಲ್ಲಿಸಿ, ಸರಪಳಿಯ ರಾಟೆಯಿಂದ ಕಾಂಟೆಸಾದ ಎಂಜಿನನ್ನು ಎತ್ತುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕೆಲಸವನ್ನು ನಾನು ಕುತೂಹಲದಿಂದ ನೋಡಿದ್ದೇನೆ. ಒಂದೂವರೆ ಕ್ವಿಂಟಲಿಗೂ ಮಿಗಿಲಾದ ಕಬ್ಬಿಣ ಅದು. ಮೊದಲು ಬ್ಯಾಟರಿಯ ತಂತಿಯನ್ನು ಕಳಚಿದ, ಪೆಟ್ರೋಲನ್ನು ಬಸಿದ. ಎಂಜಿನು ತೂಗುತ್ತಿರುವಷ್ಟು ಹೊತ್ತು ಯಾರನ್ನೂ ಅದರ ಕೆಳಗೆ ಸುಳಿಯಗೊಡಲಿಲ್ಲ. “ಎಂಜಿನ್ ಕೂಡಸೋದು ನಾಕ ದಿನದ ಕೆಲಸರೀ ಸರ, ಗಾಡೀನ ಅದಕ್ಕ ಒಪ್ಪಸೋದು ನಾಕ ತಿಂಗಳದ್ದು” ಎಂದು ಅವನು ಹೇಳಿದ. ಇಡೀ ವಿದ್ಯೆಯ ಸಾರ ಆ ಮಾತಿನಲ್ಲಿದೆ.

ಏಕೆಂದರೆ ಬಲ ಹೆಚ್ಚಿದರೆ ವೇಗ ಹೆಚ್ಚುತ್ತದೆ. ಆದರೆ ವೇಗದ ಲೆಕ್ಕ ನಾವು ತಿಳಿದಷ್ಟು ಸರಳವಲ್ಲ. ಗಂಟೆಗೆ 60 ಕಿಲೋಮೀಟರಿನಿಂದ 90ಕ್ಕೆ ಏರಿದಾಗ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು. ಓಡುವ ಕಾರಿನಲ್ಲಿ ಅಡಗಿದ ಶಕ್ತಿಯಾದರೋ ಎರಡೂಕಾಲು ಪಟ್ಟು. ಕಾರು ನಿಲ್ಲಬೇಕಾದರೆ ಅಷ್ಟನ್ನೂ ಬ್ರೇಕು ಶಾಖವಾಗಿ ಕರಗಿಸಬೇಕು. ಹೆರಾಲ್ಡ್, ಅಂಬಾಸಿಡರ್‌ಗಳಂಥ ಹಳೆಯ ಕಾರುಗಳಿಗೆ ಮೂಲತಃ ಇದ್ದುದು ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕು. ಅದು ಕಾದಂತೆ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಬಲ್ಲವರು ಮೊದಲು ಬ್ರೇಕು, ಟಯರು, ಸ್ಪ್ರಿಂಗುಗಳನ್ನು ಬಲಪಡಿಸಿ, ಕೊನೆಗೆ ಎಂಜಿನಿಗೆ ಕೈ ಹಾಕುತ್ತಾರೆ. ಬಲ್ಲದವರ ಕ್ರಮ ತಿರುವುಮುರುವು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ನೋಂದಣಿ ಪತ್ರದಲ್ಲಿ ಎಂಜಿನಿನ ಸಂಖ್ಯೆಯೂ ದಾಖಲಾಗಿರುತ್ತದೆ. ತಯಾರಕರು ನಿಗದಿಮಾಡಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಸಾರಿಗೆ ಅಧಿಕಾರಿಯ ಒಪ್ಪಿಗೆ ಇಲ್ಲದೆ ಎಂಜಿನು ಬದಲಿಸಿದ ಕಾರು ಎಷ್ಟೇ ಅಚ್ಚುಕಟ್ಟಾಗಿರಲಿ, ರಸ್ತೆಗೆ ಇಳಿಯುವ ಹಕ್ಕು ಅದಕ್ಕಿಲ್ಲ. ಅದಕ್ಕೆ ತಕ್ಕ ಸ್ಥಳ ಪಂದ್ಯದ ಮುಚ್ಚುದಾರಿ.

ಇದನ್ನು ಹವ್ಯಾಸಿಗಳ ಉತ್ಸಾಹಕ್ಕೆ ತಣ್ಣೀರೆರಚಲು ಹೇಳುತ್ತಿಲ್ಲ. ಯಂತ್ರವನ್ನು ಕಳಚಿ ಜೋಡಿಸಬಲ್ಲ ಕೈ ಸಮಾಜದ ಸಂಪತ್ತು. ಪುಸ್ತಕದ ವಿದ್ಯೆಗಿಂತ ಅದು ಕಡಿಮೆಯದಲ್ಲ. ಆದರೆ ವ್ಯಾಕರಣ ತಪ್ಪಿದ ಸಮಾಸದಿಂದ ನೋಯುವುದು ಓದುಗನ ಕಿವಿ ಮಾತ್ರ. ಬಾದಾಮಿಯಿಂದ ಬನಶಂಕರಿಗಿರುವ ಐದು ಕಿಲೋಮೀಟರ್ ದಾರಿಯಲ್ಲಿ ಜಾತ್ರೆಯ ಕಾಲಕ್ಕೆ ಚಕ್ಕಡಿಗಳಿರುತ್ತವೆ, ತಲೆಯ ಮೇಲೆ ಬುತ್ತಿ ಹೊತ್ತ ಹೆಂಗಸರಿರುತ್ತಾರೆ, ಕೈಬಿಡಿಸಿಕೊಂಡು ಓಡುವ ಮಕ್ಕಳಿರುತ್ತಾರೆ. ಅಂಥ ದಾರಿಯಲ್ಲಿ ಬೇಕೆಂದ ಕಡೆ ನಿಲ್ಲಲಾರದ ಕಾರಿನ ತಪ್ಪಿಗೆ ದಂಡ ತೆರುವವರು ಅದನ್ನು ಬೆಸೆದವರಲ್ಲ.