ಹಳ್ಳಿಯ ಕೂಟವು ನೆಲೆನಿಂತ ಸಂಘವಾಗುವ ಬಗೆ

ಊರಿನಲ್ಲಿ ಹತ್ತು ಮಂದಿ ರೈತರು ಸೇರಿ ಒಂದು ಕೂಟವನ್ನು ಕಟ್ಟುವುದು ಕಷ್ಟವಲ್ಲ. ಮೊದಲನೆಯ ವರ್ಷ ಕೂಡಿ ಬೀಜವನ್ನು ತರಿಸುವರು; ಕೂಡಿ ಔಷಧಿ ಸಿಂಪಡಿಸುವ ಯಂತ್ರವನ್ನು ಕೊಳ್ಳುವರು. ಮೂರನೆಯ ವರ್ಷಕ್ಕೆ ಆ ಯಂತ್ರವು ಯಜಮಾನರ ಹಜಾರದ ಮೂಲೆಯಲ್ಲಿ ತುಕ್ಕು ಹಿಡಿದು, ಲೆಕ್ಕದ ಪುಸ್ತಕವು ಯಾರ ಮನೆಯಲ್ಲಿದೆಯೆಂಬುದೇ ತಿಳಿಯದಂತಾಗುವುದು. ಜನರಲ್ಲಿ ಒಗ್ಗಟ್ಟಿಲ್ಲವೆಂದು ಇದಕ್ಕೆ ಕಾರಣ ಹೇಳುವುದು ವಾಡಿಕೆ. ವಿಚಾರಿಸಿ ನೋಡಿದರೆ, ಒಗ್ಗಟ್ಟಿಗಿಂತ ಮೊದಲು ತಪ್ಪಿಹೋದದ್ದು ವ್ಯಾಪಾರ. ವರ್ಷಕ್ಕೊಮ್ಮೆ ಮಾತ್ರ ಕೆಲಸವಿರುವ ಕೂಟಕ್ಕೆ ವರಮಾನವಿಲ್ಲ. ವರಮಾನವಿಲ್ಲದ ಕಡೆ ಗುಮಾಸ್ತನಿಲ್ಲ. ಗುಮಾಸ್ತನಿಲ್ಲದ ಕಡೆ ಲೆಕ್ಕವಿಲ್ಲ.

ಸಣ್ಣ ಕೂಟವೊಂದು ಬೆಳೆದು ನಿಂತ ಬಗೆಗೆ ಗುಜರಾತಿನ ಖೇಡಾ ಜಿಲ್ಲೆಯ ಹಾಲಿನ ಸಂಘಗಳು ಒಳ್ಳೆಯ ದೃಷ್ಟಾಂತ. ಅಲ್ಲಿಯ ರೈತರ ಹಾಲು 1945ನೆಯ ಇಸವಿಯಿಂದ ಮುಂಬಯಿ ಪಟ್ಟಣಕ್ಕೆ ಹೋಗುತ್ತಿತ್ತು. ಆದರೆ ಅದನ್ನು ಕಳುಹಿಸುವ ಹಕ್ಕು ಒಂದೇ ಖಾಸಗಿ ಕಂಪೆನಿಗೆ ಇದ್ದುದರಿಂದ, ಲಾಭವೆಲ್ಲ ಕಂಪೆನಿಗೂ ಅದರ ಗುತ್ತಿಗೆದಾರರಿಗೂ ಸೇರಿ, ಎಮ್ಮೆ ಸಾಕಿದವನಿಗೆ ದೊರೆಯುತ್ತಿದ್ದುದು ಅತ್ಯಲ್ಪ. ರೈತರು ಸರ್ದಾರ್ ವಲ್ಲಭಭಾಯಿ ಪಟೇಲರಲ್ಲಿಗೆ ಹೋಗಿ ಮೊರೆಯಿಡಲು, ಅವರು ಸ್ವಂತ ಸಂಘವನ್ನು ಕಟ್ಟಿರೆಂದು ಹೇಳಿ ಮೊರಾರ್ಜಿ ದೇಸಾಯಿಯವರನ್ನು ಕಳುಹಿಸಿಕೊಟ್ಟರು. 1946ರ ಜನವರಿಯಲ್ಲಿ ಸಮರ್ಖಾ ಗ್ರಾಮದಲ್ಲಿ ಸಭೆ ಸೇರಿತು. ಸರ್ಕಾರವು ರೈತರ ಸಂಘದಿಂದಲೇ ಹಾಲನ್ನು ಕೊಳ್ಳಲು ಮೊದಲು ಒಪ್ಪಲಿಲ್ಲ. ಆಗ 15 ದಿನಗಳವರೆಗೆ ರೈತರು ಗುತ್ತಿಗೆದಾರರಿಗೆ ಒಂದು ತೊಟ್ಟು ಹಾಲನ್ನೂ ಮಾರಲಿಲ್ಲ. ಸರ್ಕಾರವು ಒಪ್ಪಿತು. ಅದೇ ವರ್ಷ ಡಿಸೆಂಬರ್ 14ರಂದು ಆಣಂದದಲ್ಲಿ ಜಿಲ್ಲಾ ಒಕ್ಕೂಟವು ನೋಂದಣಿಯಾಯಿತು. ತ್ರಿಭುವನದಾಸ ಪಟೇಲರು ಅದರ ಅಧ್ಯಕ್ಷರಾದರು.

1948ರಲ್ಲಿ ಒಕ್ಕೂಟವು ಕೆಲಸವನ್ನು ಪ್ರಾರಂಭಿಸಿದಾಗ ಅದಕ್ಕೆ ಸೇರಿದ್ದವು ಎರಡೇ ಹಳ್ಳಿಗಳ ಸಂಘಗಳು; ದಿನಕ್ಕೆ ಬರುತ್ತಿದ್ದ ಹಾಲು ಸುಮಾರು 250 ಲೀಟರು. ಆ ವರ್ಷದ ಕೊನೆಗೆ 432 ರೈತರು ಸೇರಿ ದಿನಕ್ಕೆ 5,000 ಲೀಟರು ಹಾಕುವಂತಾದರು.

ಇಷ್ಟು ಬೇಗ ಬೆಳೆದುದಕ್ಕೆ ಕಾರಣವು ಭಾಷಣವಲ್ಲ, ಪದ್ಧತಿ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಸಂಘದ ಬಾಗಿಲು ತೆರೆದಿರುತ್ತದೆ. ತಂದ ಹಾಲನ್ನು ಎಲ್ಲರ ಕಣ್ಣೆದುರಿಗೆ ಅಳೆದು, ಮಾದರಿಯನ್ನು ತೆಗೆದು, ಅದರ ಜಿಡ್ಡಿನ ಅಂಶವನ್ನು ಪರೀಕ್ಷಿಸಿ ಬೆಲೆ ಕಟ್ಟುತ್ತಾರೆ. ನೀರು ಬೆರೆಸಿದವನು ಯಾರ ನೆಂಟನಾದರೂ ಬೆಲೆ ತಾನಾಗಿಯೇ ಇಳಿಯುವುದು. ಹತ್ತು ಎಮ್ಮೆಯ ಧಣಿಗೂ ಒಂದೇ ಎಮ್ಮೆಯನ್ನು ನಂಬಿದ ವಿಧವೆಗೂ ಒಂದೇ ದರ, ಸಭೆಯಲ್ಲಿ ಒಂದೇ ಮತ. ಹಣವು ಗೊತ್ತಾದ ದಿನ ತಪ್ಪದೆ ಕೈಸೇರುವುದರಿಂದ ಜನರು ಸಂಘವನ್ನು ನಂಬಿದರು.

ಕಷ್ಟವು ಆಮೇಲೆ ಬಂದಿತು. ಚಳಿಗಾಲದಲ್ಲಿ ಎಮ್ಮೆಗಳು ಬೇಸಿಗೆಗಿಂತ ಬಹಳ ಹೆಚ್ಚಾಗಿ ಕರೆಯುವುವು; ಅಷ್ಟು ಹಾಲು ಮುಂಬಯಿಗೆ ಬೇಕಿರಲಿಲ್ಲ. ವ್ಯಾಪಾರಿಯಾದರೆ ಬೇಡವೆಂದು ಹೇಳಿ ಸುಮ್ಮನಾಗಬಹುದು. ಸಂಘವು ತನ್ನ ಸದಸ್ಯನ ಹಾಲನ್ನು ಹಿಂದಕ್ಕೆ ಕಳುಹಿಸಿದರೆ ಮರುದಿನ ಸಂಘವೇ ಇರದು. ಆದಕಾರಣ ಹೆಚ್ಚಾದ ಹಾಲನ್ನು ಬೆಣ್ಣೆಯಾಗಿಯೂ ಪುಡಿಯಾಗಿಯೂ ಮಾಡುವ ಕಾರ್ಖಾನೆಯನ್ನು 1955ರಲ್ಲಿ ಕಟ್ಟಿದರು. ಯುನಿಸೆಫ್ ಸಂಸ್ಥೆಯೂ ನ್ಯೂಜಿಲೆಂಡ್ ದೇಶವೂ ಸಹಾಯ ಮಾಡಿದುವು. ಎಮ್ಮೆಯ ಹಾಲಿನಿಂದ ಪುಡಿ ಮಾಡಲಾಗದೆಂದು ಪರದೇಶದ ತಜ್ಞರು ಹೇಳುತ್ತಿದ್ದ ಕಾಲದಲ್ಲಿ, ವರ್ಗೀಸ್ ಕುರಿಯನ್ನರ ಸಂಗಡಿಗರಾದ ಎಚ್. ಎಂ. ದಲಾಯರು ಅದನ್ನು ಮಾಡಿ ತೋರಿಸಿದರು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹೊರಗಿನ ಸಹಾಯವು ಬಂದದ್ದು ಒಕ್ಕೂಟವು ಕೆಲವು ವರ್ಷಗಳ ಕಾಲ ತನ್ನ ವ್ಯಾಪಾರವನ್ನು ನಡೆಸಿ ತೋರಿಸಿದ ಮೇಲೆ. ಸಹಾಯಧನವನ್ನೇ ನೆಚ್ಚಿ ಹುಟ್ಟಿದ ಕೂಟವು ಧನ ಮುಗಿದ ದಿನವೇ ಮುಗಿಯುವುದು.

ಈ ಮಾದರಿಯು 1974ರಲ್ಲಿ ಕರ್ನಾಟಕಕ್ಕೆ ಬಂದಿತು. ಇಲ್ಲಿಯ ಜಿಲ್ಲಾ ಒಕ್ಕೂಟಗಳಿಗೆ 1984ರಿಂದ ಕರ್ನಾಟಕ ಹಾಲು ಮಹಾಮಂಡಳವು ಮೇಲಿನ ಸಂಸ್ಥೆಯಾಗಿದೆ. ನಂದಿನಿ ಹೆಸರಿನ ಹಾಲು ಹಳ್ಳಿಯ ಸಂಘಗಳಿಂದಲೇ ಹೊರಡುವುದು. ಸಹಕಾರವು ನಮ್ಮ ನಾಡಿಗೆ ಹೊಸದೂ ಅಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದ್ದರು. ಆಗಿನ 1904ರ ಕಾನೂನಿನಲ್ಲಿ ಗ್ರಾಮ ಸಂಘದ ಲಾಭವೆಲ್ಲ ಮೀಸಲು ನಿಧಿಗೇ ಸೇರಬೇಕೆಂದಿತ್ತು. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ ಪ್ರಕಾರ ನಿವ್ವಳ ಲಾಭದಲ್ಲಿ ನೂರಕ್ಕೆ 25ರಷ್ಟನ್ನಾದರೂ ಮೀಸಲಿಡತಕ್ಕದ್ದು. ಈ ಭಾಗವನ್ನೂ ಹಂಚಿಬಿಡೋಣವೆಂಬ ಮಾತು ಪ್ರತಿ ವಾರ್ಷಿಕ ಸಭೆಯಲ್ಲಿಯೂ ಏಳುವುದುಂಟು. ಬೀಜದ ಭತ್ತವನ್ನು ಕುಟ್ಟಿ ಉಣ್ಣುವ ರೈತನಿಲ್ಲ. ಮೀಸಲು ನಿಧಿಯೂ ಹಾಗೆಯೇ. ಉಳಿದುದರಲ್ಲಿ ಬೋನಸ್ಸನ್ನು ಯಾರು ಎಷ್ಟು ಹಾಲು ಹಾಕಿದರೋ ಆ ಪ್ರಮಾಣದಲ್ಲಿ ಹಂಚುವುದು ನ್ಯಾಯ.

ಸಂಘಕ್ಕೆ ಹೊರಗಿನ ವೈರಿಗಿಂತ ಒಳಗಿನ ಚಪಲವು ಕೆಟ್ಟದ್ದು. ಬೇಸಿಗೆಯಲ್ಲಿ ಹಾಲು ಕಡಮೆಯಾದಾಗ ವ್ಯಾಪಾರಿಯು ಬಾಗಿಲಿಗೆ ಬಂದು ಲೀಟರಿಗೆ ಎರಡು ರೂಪಾಯಿ ಹೆಚ್ಚು ಕೊಡುವನು. ಹಾಲು ಹೆಚ್ಚಾದ ಕಾಲಕ್ಕೆ ಅವನ ಸುಳಿವಿರದು. ವರ್ಷದಲ್ಲಿ ಇಷ್ಟು ದಿನವಾದರೂ ಹಾಲು ಹಾಕಿದವನಿಗೇ ಮತವೆಂದು ಉಪನಿಯಮದಲ್ಲಿ ಬರೆದು, ಅದನ್ನು ದೊಡ್ಡವರ ವಿಷಯದಲ್ಲಿಯೂ ನಡೆಸಬೇಕು. ಊರಿನ ಮುಖಂಡರು ಮುಂದೆ ನಿಂತು ಸಂಘವನ್ನು ಕಟ್ಟುವುದು ಸರಿಯೇ. ಆದರೆ ಮಾವನೇ ಅಧ್ಯಕ್ಷ, ಅಳಿಯನೇ ಕಾರ್ಯದರ್ಶಿಯಾದ ಕಡೆ ಜನರು ಎದುರಾಡುವುದಿಲ್ಲ. ಹಾಲನ್ನು ಮಾತ್ರ ಬೇರೆ ಕಡೆಗೆ ಒಯ್ಯುವರು.

ಸಂಘವನ್ನು ತೆರೆಯಲೆಣಿಸುವವರು ಮೊದಲು ಒಂದು ತಿಂಗಳು ಮನೆಮನೆಯ ಹಾಲಿನ ಲೆಕ್ಕವನ್ನು ಎರಡು ಹೊತ್ತೂ ಬರೆದಿಡಬೇಕು. ಮನೆಯ ಬಳಕೆ ಕಳೆದು ಮಾರಾಟಕ್ಕೆ ಉಳಿಯುವುದೆಷ್ಟೆಂಬುದು ಅದರಿಂದ ತಿಳಿಯುವುದು. ಆ ಲೆಕ್ಕದೊಡನೆ ಜಿಲ್ಲಾ ಹಾಲು ಒಕ್ಕೂಟದ ಕಚೇರಿಗೆ ಹೋದರೆ, ಹಾಲಿನ ವಾಹನವು ತಮ್ಮ ಊರಿಗೆ ಬರಬಲ್ಲುದೇ ಎಂಬುದನ್ನು ಅಲ್ಲಿ ಕೇಳಿ ತಿಳಿಯಬಹುದು. ನೋಂದಣಿಯ ಅರ್ಜಿ ಅದರ ಅನಂತರದ ಕೆಲಸ.