ಎಸೆತವೆಂಬ ಪದದ ತೊಡಕು

ಕ್ರಿಕೆಟ್ಟಿನ ಕನ್ನಡ ವೀಕ್ಷಕ ವಿವರಣೆಯಲ್ಲಿ ಬೌಲರ್ ಬಿಡುವ ಪ್ರತಿಯೊಂದು ಚೆಂಡೂ ಒಂದು ‘ಎಸೆತ’. ಅಂದವಾದ ಪದ. ಹಳಗನ್ನಡದಲ್ಲಿ ಬಾಣ ಬಿಡುವುದಕ್ಕೆ ‘ಎಸು’ ಎನ್ನುತ್ತಿದ್ದರೆಂಬುದನ್ನು ನೆನೆದರೆ ಅದರ ಬಿರುಸು ಇನ್ನಷ್ಟು ಹಿಡಿಸುತ್ತದೆ. ಆದರೆ ಎಸೆಯುವುದಕ್ಕೆ ಇಂಗ್ಲಿಷಿನಲ್ಲಿರುವ ‘ಥ್ರೋ’ ಎಂಬ ಕ್ರಿಯಾಪದವನ್ನು ಬೌಲರನಿಗೆ ಹಚ್ಚಿದರೆ ಅದು ವರ್ಣನೆಯಾಗದು, ಆರೋಪವಾಗುತ್ತದೆ.

ಬೌಲರ್ ಮಾಡಬೇಕಾದುದು ‘ಬೌಲ್’. ಊಟದ ಬಟ್ಟಲಿಗೂ ಈ ಪದಕ್ಕೂ ನಂಟಿಲ್ಲ. ಚೆಂಡೆಂಬ ಅರ್ಥದ ಫ್ರೆಂಚ್ ‘ಬೂಲ್’ ಇದರ ಮೂಲ. ನೆಲದ ಮೇಲೆ ಉರುಳಿಸುವುದೆಂಬುದೇ ಕ್ರಿಯಾಪದದ ಹಳೆಯ ಅರ್ಥ. ಮೊದಮೊದಲ ಕ್ರಿಕೆಟ್ಟಿನಲ್ಲಿ ಚೆಂಡು ಹಾಗೆಯೇ ಉರುಳುತ್ತಿತ್ತು. ಬರಬರುತ್ತ ಬೌಲರನ ಕೈ ಭುಜದ ಮಟ್ಟಕ್ಕೆ ಬಂದಿತು. 1864ರ ನಿಯಮದಿಂದ ಭುಜದ ಮೇಲಕ್ಕೂ ಏರಿತು. ಪದ ಮಾತ್ರ ಹಳೆಯದೇ ಉಳಿಯಿತು. ಕೈ ಮೇಲೇರಿದರೂ ಮಡಿಸಿದ ಮೊಣಕೈಯನ್ನು ನೆಟ್ಟಗಾಗಿಸಿ ಚೆಂಡನ್ನು ಬಿಡಬಾರದು. ಬಿಟ್ಟರೆ ಅದು ‘ಥ್ರೋ’. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಈಗ 15 ಡಿಗ್ರಿಯವರೆಗೆ ವಿನಾಯಿತಿಯುಂಟು. ಫೀಲ್ಡರ್ ಮಾಡುವುದೂ ‘ಥ್ರೋ’ವೇ, ಅವನಿಗೆ ಚಪ್ಪಾಳೆ!

1995ರ ಡಿಸೆಂಬರ್ 26ರಂದು ಮೆಲ್ಬರ್ನಿನಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಅವರು ಶ್ರೀಲಂಕೆಯ ಮುರಳೀಧರನ್ ಅವರ ಏಳು ಚೆಂಡುಗಳನ್ನು ‘ಥ್ರೋ’ ಎಂದು ‘ನೋ ಬಾಲ್’ ಸಾರಿದರು. ಹುಟ್ಟಿನಿಂದಲೇ ಅವರ ಮೊಣಕೈ ಪೂರ್ತಿ ನೆಟ್ಟಗಾಗದೆಂಬುದು ಮುಂದೆ ಪರೀಕ್ಷೆಯಲ್ಲಿ ತಿಳಿಯಿತು. ಈ ಸುದ್ದಿಯನ್ನು ‘ಎಸೆತವನ್ನು ಎಸೆದುದು ತಪ್ಪಾಯಿತು’ ಎಂದರೆ, ಆಟವರಿಯದ ಕೇಳುಗನು ‘ಎಸೆಯದೆ ಇನ್ನೇನು ಮಾಡಬೇಕಿತ್ತು?’ ಎಂದಾನು. ‘ಎಸೆತ’ವನ್ನು ಕೈಬಿಡಬೇಕೆಂದು ನಾನು ಹೇಳುವವನಲ್ಲ, ಅದು ಬೇರೂರಿದೆ. ತಪ್ಪನ್ನು ಹೇಳುವಾಗ ಮಾತ್ರ ‘ಥ್ರೋ’ ಎಂದೇ ಹೇಳಿ, ಮೊಣಕೈಯ ಸಂಗತಿಯನ್ನು ಒಂದು ವಾಕ್ಯದಲ್ಲಿ ಬಿಡಿಸಿಟ್ಟರೆ ಸಾಕು.